ಕೂಡಬೇಕಾ, ಕಳೀಬೇಕಾ?

ಕಳೆದ ದಸರಾ ರಜೆಗೆ ಊರಿಗೆ ಹೊರಡುವ ಎರಡು ದಿನ ಮೊದಲು ಹುಣಸೂರಿನಿಂದ ಅಕ್ಕ ಫೋನ್ ಮಾಡಿದ್ದಳು. "ನೀನು ಇಂಜಿನಿಯರ್ ಅಲ್ವೇನೋ, ಒಂದು ಮಾತು ಹೇಳು. ಅಬಾಕಸ್ ಕಲಿತ್ರೆ ಮಕ್ಕಳ ಬುದ್ಧಿ ಬೆಳೆಯುತ್ತಂತೆ, ನಿಜಾನಾ?"

ಅಕ್ಕನ ಇಬ್ಬರು ಮಕ್ಕಳೂ ಅಬಾಕಸ್ ಕ್ಲಾಸಿಗೆ ಹೋಗ್ತಿದ್ರು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವನಿಗೆ ಏಳು. ಇಬ್ಬರಿಗೂ ಸೇರಿ ತಿಂಗಳಿಗೆ 1,600 ರೂಪಾಯಿ. ಅಕ್ಕ ಮನೆಯಲ್ಲೇ ಬ್ಲೌಸ್ ಹೊಲಿದು ಆ ದುಡ್ಡು ಹೊಂದಿಸುತ್ತಾಳೆ. ಈಗ ಮುಂದಿನ ಲೆವೆಲ್ಲಿಗೆ ಪುಸ್ತಕ, ಪರೀಕ್ಷೆ ಅಂತ ಇನ್ನೊಂದಿಷ್ಟು ಕೇಳಿದ್ದರು. ಕ್ಲಾಸಿನವರ ಪಾಂಪ್ಲೆಟ್ಟಿನಲ್ಲಿ 'ಮೆದುಳಿನ ಎರಡೂ ಭಾಗ ಚುರುಕಾಗುತ್ತದೆ, ನೆನಪಿನ ಶಕ್ತಿ ಹೆಚ್ಚುತ್ತದೆ, ಎಲ್ಲ ವಿಷಯದಲ್ಲೂ ಮುಂದೆ ಬರುತ್ತಾರೆ' ಅಂತ ದೊಡ್ಡ ಅಕ್ಷರದಲ್ಲಿತ್ತಂತೆ.

ದೊಡ್ಡವಳು ಕುಣಿದುಕೊಂಡು ಹೋಗ್ತಾಳೆ. ಚಿಕ್ಕವನಿಗೆ ಮಾತ್ರ ಕ್ಲಾಸಿರುವ ಭಾನುವಾರ ಬೆಳಗ್ಗೆ ತಪ್ಪದೆ ಹೊಟ್ಟೆನೋವು. "ಮೊನ್ನೆ ರಾತ್ರಿ ಮಲಗೋವಾಗ, ಅಮ್ಮ ನಾನು ದಡ್ಡ ಅಲ್ವಾ ಅಂದ ಕಣೋ" ಅಂದಳು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ಅವಳೂ ಮಾತಾಡಲಿಲ್ಲ, ನಾನೂ ಆಡಲಿಲ್ಲ.

"ಓದಿ ನೋಡಿ ಹೇಳ್ತೀನಿ ಅಕ್ಕ" ಅಂದೆ. ಕೋಡ್ ಬರೆಯುವವನಿಗೆ ಮಕ್ಕಳ ಮೆದುಳಿನ ಬಗ್ಗೆ ಏನು ಗೊತ್ತಿರುತ್ತೆ? ಆದರೆ ಹುಡುಕಿ ಓದೋದು ಗೊತ್ತು.

ಈ ಕ್ಲಾಸುಗಳಲ್ಲಿ ಕಲಿಸುವುದು ಜಪಾನಿನ ಸೊರೊಬಾನ್. ಒಂದೊಂದು ಕಡ್ಡಿಯಲ್ಲೂ ಮೇಲೆ ಒಂದು ಮಣಿ, ಅದರ ಬೆಲೆ ಐದು. ಕೆಳಗೆ ನಾಲ್ಕು ಮಣಿ, ಒಂದೊಂದಕ್ಕೆ ಒಂದೊಂದು ಬೆಲೆ. ಏಳು ಅಂದರೆ ಮೇಲಿನದ್ದೊಂದು, ಕೆಳಗಿನದ್ದೆರಡು. ಏಳಕ್ಕೆ ಎಂಟು ಕೂಡಬೇಕು, ಮಣಿ ಸಾಲಲ್ಲ. ಆಗ ಪಕ್ಕದ ಕಡ್ಡಿಯಲ್ಲಿ ಹತ್ತು ಸೇರಿಸಿ ಇಲ್ಲಿ ಎರಡು ತೆಗೆದರೆ ಹದಿನೈದು. ಹೀಗೆ ಮಾಡಿ ಮಾಡಿ ಕೊನೆಗೆ ಮಣಿಚೌಕಟ್ಟೇ ಬೇಡ, ಅದರ ಚಿತ್ರ ಮನಸ್ಸಿನಲ್ಲೇ ನಿಲ್ಲುತ್ತೆ. ಮಕ್ಕಳು ಗಾಳಿಯಲ್ಲಿ ಬೆರಳಾಡಿಸುವುದು ಇದಕ್ಕೇ. ಇದರಲ್ಲಿ ಮೋಸವಿಲ್ಲ, ನಿಜವಾದ ವಿದ್ಯೆ.

ರಜೆಗೆ ಎಲ್ಲರೂ ಎಚ್.ಡಿ. ಕೋಟೆ ಕಡೆಯ ನಮ್ಮೂರಲ್ಲಿ ಸೇರಿದೆವು. ಹೊಗೆಸೊಪ್ಪು ಬೇಯಿಸಿ ಮುಗಿದಿತ್ತು, ಜಗುಲಿ ತುಂಬ ಸೊಪ್ಪು ವಿಂಗಡಿಸುವ ಕೆಲಸ. ನಾನು ಮೊಬೈಲಿನಲ್ಲಿ ಎರಡಂಕಿಯ ಹತ್ತು ಸಂಖ್ಯೆ ಹೇಳುತ್ತಾ ಹೋದೆ. ದೊಡ್ಡವಳು ಕಣ್ಣು ಮುಚ್ಚಿ ಬೆರಳಾಡಿಸಿ, ನಾನು ಕ್ಯಾಲ್ಕ್ಯುಲೇಟರ್ ಒತ್ತಿ ಮುಗಿಸುವ ಮೊದಲೇ ಉತ್ತರ ಹೇಳಿದಳು. ಸರಿಯಾಗಿತ್ತು. ಅಕ್ಕನ ಮುಖ ಅರಳಿತು.

ಸೊಪ್ಪು ನೋಡ್ತಾ ಕೂತಿದ್ದ ಅವ್ವ ತಲೆ ಎತ್ತಿ, "ಹಂಗಾರೆ ನಂದೊಂದು ಲೆಕ್ಕ ಹೇಳು ಮಗ. ಮೂರು ಹೆಣ್ಣಾಳು, ನಾಕು ದಿನ ಬಂದವ್ರೆ. ದಿನಕ್ಕೆ ಆಳಿಗೆ ನಾನೂರು. ಸಾವಿರದೈನೂರು ಮುಂಗಡ ಕೊಟ್ಟಿವ್ನಿ. ಇನ್ನೆಷ್ಟು ಕೊಡ್ಬೇಕು?" ಅಂದಳು.

ಹುಡುಗಿಯ ಬೆರಳು ಮೇಲೆದ್ದು ಹಾಗೇ ನಿಂತವು. "ಅಜ್ಜಿ, ಕೂಡಬೇಕಾ ಕಳೀಬೇಕಾ ಅದನ್ನ ಹೇಳಿ" ಅಂದಳು.

ಶಾಲೆ ಮೆಟ್ಟಿಲು ಹತ್ತದ ಅವ್ವ ನಕ್ಕಳು. "ಅದೇ ಕನವ್ವ ಲೆಕ್ಕ!"

ಮೂಲೆಯಲ್ಲಿ ಹುಣಸೆ ಬೀಜದ ಜೊತೆ ಆಡುತ್ತಿದ್ದ ಚಿಕ್ಕವನನ್ನು ಯಾರೂ ಕೇಳಿರಲಿಲ್ಲ. ಅವನು ಮೂರು ಮೂರು ಬೀಜದ ನಾಲ್ಕು ಗುಡ್ಡೆ ಮಾಡಿ ಎಣಿಸಿ, "ಹನ್ನೆರಡು ಕೂಲಿ ಅಜ್ಜಿ" ಅಂದ. ಅದರಾಚೆಗೆ ಅವನಿಗೆ ಹೋಗೋಕಾಗಲಿಲ್ಲ. ಆದರೆ ಆ ಹನ್ನೆರಡು ಕಿವಿಗೆ ಬಿದ್ದದ್ದೇ ತಡ, ಅಕ್ಕ "ನಾಲ್ಕು ಸಾವಿರದ ಎಂಟುನೂರು!" ಅಂದಳು. ಮುಂಗಡ ಕಳೆದು 3,300 ಅಂತ ಇಬ್ಬರೂ ಸೇರಿ ಹೇಳಿದರು.

ಆ ರಾತ್ರಿ ಅಕ್ಕನಿಗೆ ನಾನು ಓದಿದ್ದನ್ನೆಲ್ಲ ಹೇಳಿದೆ.

ಗುಜರಾತಿನ ವಡೋದರಾದಲ್ಲಿ ಡೇವಿಡ್ ಬಾರ್ನರ್ ಮತ್ತು ಜೊತೆಗಾರರು 204 ಶಾಲಾ ಮಕ್ಕಳನ್ನು ಮೂರು ವರ್ಷ ಗಮನಿಸಿದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮನಸ್ಸಿನಲ್ಲೇ ಮಾಡುವ ಅಬಾಕಸ್ ಕಲಿಸಿದರು. ಇನ್ನೊಂದಕ್ಕೆ ಅಷ್ಟೇ ಹೊತ್ತು ಮಾಮೂಲಿ ಗಣಿತದ ಹೆಚ್ಚುವರಿ ಪಾಠ. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಬಾಕಸ್ ಮಕ್ಕಳು ಕೂಡುವ, ಕಳೆಯುವಂಥ ಲೆಕ್ಕದಲ್ಲಿ ಮುಂದಿದ್ದರು. ಆದರೆ ನೆನಪಿನ ಶಕ್ತಿಯಂಥ ಮೂಲ ಸಾಮರ್ಥ್ಯ ಬೆಳೆಯಿತು ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ. ಇನ್ನೊಂದು ಮಾತೂ ಇತ್ತು. ನೋಡಿದ್ದು ಎಲ್ಲಿತ್ತು ಅಂತ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮೊದಲೇ ಚೆನ್ನಾಗಿದ್ದ ಮಕ್ಕಳಿಗೆ ಅಬಾಕಸ್ ಹೆಚ್ಚು ಒಲಿದಿತ್ತು.

"ಅಂದ್ರೆ?" ಅಂದಳು ಅಕ್ಕ.

"ಅಂದ್ರೆ ಅಬಾಕಸ್ ಕಲಿತ್ರೆ ಅಬಾಕಸ್ ಲೆಕ್ಕ ಚೆನ್ನಾಗಿ ಬರುತ್ತೆ. ಕೆಲವರಿಗೆ ಬೇಗ ಒಲಿಯುತ್ತೆ, ಕೆಲವರಿಗೆ ಒಲಿಯಲ್ಲ. ಒಲಿಯದವನು ದಡ್ಡ ಅಲ್ಲ."

ಜಗುಲಿಯಲ್ಲಿ ನಡೆದದ್ದಕ್ಕೂ ಒಂದು ಅಧ್ಯಯನ ಸಿಕ್ಕಿತ್ತು. ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಸಂತೆಗಳಲ್ಲಿ ವ್ಯಾಪಾರ ಮಾಡುವ ಮಕ್ಕಳ ಲೆಕ್ಕವನ್ನು ನೋಡಿ 2025ರಲ್ಲಿ ಪ್ರಕಟಿಸಿದ್ದರು. ತಕ್ಕಡಿ ಮುಂದೆ ಬಾಯಲ್ಲೇ ಸಲೀಸಾಗಿ ಲೆಕ್ಕ ಹಾಕುವ ಮಕ್ಕಳು, ಶಾಲೆಯಲ್ಲಿ ಕೊಡುವಂಥ ಲೆಕ್ಕ ಕೊಟ್ಟರೆ ತಡವರಿಸಿದರು. ಶಾಲೆಯ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರು, ವ್ಯಾಪಾರದ ಲೆಕ್ಕಕ್ಕೆ ತಡವರಿಸಿದರು. ಒಂದು ಕಡೆ ಕಲಿತದ್ದು ತಾನಾಗಿಯೇ ಇನ್ನೊಂದು ಕಡೆಗೆ ದಾಟಲ್ಲ. ಯಾರಾದರೂ ಕೈಹಿಡಿದು ದಾಟಿಸಬೇಕು.

ಇದು ನನ್ನ ಕೆಲಸದಲ್ಲೂ ದಿನಾ ನೋಡುವ ಮಾತೇ. ಲೆಕ್ಕ ಮಾಡೋಕೆ ಕಂಪ್ಯೂಟರ್ ಇದೆ. ಯಾವ ಲೆಕ್ಕ ಮಾಡಬೇಕು ಅಂತ ಹೇಳೋದಕ್ಕೆ ನನಗೆ ಸಂಬಳ ಕೊಡ್ತಾರೆ.

ಹುಣಸೆ ಬೀಜ ನೋಡಿದಾಗ ನನಗೆ ನನ್ನ ಒಂದನೇ ಕ್ಲಾಸು ನೆನಪಾಗಿತ್ತು. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲಿರುವ ನಲಿ-ಕಲಿ ಶುರುವಾಗಿದ್ದು ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿನಲ್ಲೇ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದು, ನಮಗೆ ತಕ್ಕ ಹಾಗೆ ಮಾಡಿಕೊಂಡರು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. ನಾವು ಅದರಲ್ಲೇ ಕಲಿತವರು. ಕಡ್ಡಿ ಎಣಿಸಿ ಹತ್ತರ ಕಟ್ಟು ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ, 'ಮೂರು ಕಟ್ಟು, ನಾಲ್ಕು ಬಿಡಿ' ಅಂದಮೇಲೆ 34 ಬರೆಯುತ್ತಿದ್ದೆವು. ಪಕ್ಕದವನು ಮುಂದಿನ ಮೆಟ್ಟಿಲಿಗೆ ಹೋದರೆ ಹೋಗಲಿ, ನನ್ನ ಮೆಟ್ಟಿಲು ನನಗೆ. ಅಲ್ಲೂ ಕೊರತೆ ಇತ್ತು, ಒಬ್ಬರೇ ಮೇಡಂ ಎಷ್ಟು ಮಕ್ಕಳನ್ನು ನೋಡಿಯಾರು? ಆದರೆ ಹಿಂದೆ ಬಿದ್ದೆ ಅಂತ ಹೊಟ್ಟೆನೋವು ಬಂದ ನೆನಪು ನನಗಿಲ್ಲ.

ಅಕ್ಕ ಬಹಳ ಹೊತ್ತು ಯೋಚನೆ ಮಾಡಿ, "ದೊಡ್ಡವಳು ಹೋಗ್ಲಿ, ಅವಳಿಗಿಷ್ಟ. ಇವನನ್ನ ಬಿಡಿಸ್ತೀನಿ. ಎರಡು ವರ್ಷ ಬಿಟ್ಟು ಅವನೇ ಕೇಳಿದ್ರೆ ನೋಡೋಣ" ಅಂದಳು. ಆಮೇಲೆ ಮೆಲ್ಲಗೆ, "ಬುದ್ಧಿ ಬೆಳೆಯುತ್ತೆ ಅಂದ್ರಲ್ಲ, ಅದಕ್ಕೇ ಭಯ ಬಿದ್ದು ಸೇರಿಸಿದ್ದು ಕಣೋ. ನನ್ನ ಮಕ್ಕಳಿಗೆ ಯಾಕೆ ತಪ್ಪಿಸ್ಬೇಕು ಅಂತ" ಅಂದಳು. ಇಂಥ ಭಯಕ್ಕೆ ಫೀಸು ಕಟ್ಟುವವರು ಹುಣಸೂರಿನಲ್ಲಷ್ಟೇ ಇಲ್ಲ. ಬೆಂಗಳೂರಿನ ನನ್ನ ಆಫೀಸಿನಲ್ಲೂ ಇದ್ದಾರೆ.

ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಇದ್ದರೆ ಮೂರು ವಿಷಯ ನೋಡಿ. ಮಗು ತಾನಾಗಿ ಮಣಿ ಮುಟ್ಟುತ್ತಾ? ಹೇಗೆ ಬಂತು ಉತ್ತರ ಅಂತ ಕೇಳಿದರೆ ಮಾತಿನಲ್ಲಿ ಹೇಳುತ್ತಾ? ಅಂಗಡಿಯಲ್ಲಿ ಚಿಲ್ಲರೆ ಎಷ್ಟು ಬರಬೇಕು ಅನ್ನೋದು ಗೊತ್ತಾಗುತ್ತಾ? ಹೌದಾದರೆ ಖುಷಿಯಾಗಿ ಕಳಿಸಿ. ಇಲ್ಲದಿದ್ದರೆ ಆ ಹೊತ್ತಿನಲ್ಲಿ ಸಂತೆಗೆ ಕರೆದುಕೊಂಡು ಹೋಗಿ, ತೂಕ ಮಾಡಿಸಿ, ದುಡ್ಡು ಅವರ ಕೈಯಲ್ಲೇ ಕೊಡಿಸಿ. ತಪ್ಪಾದರೆ ನಗಬೇಡಿ.

ಮೊನ್ನೆ ಅಕ್ಕ ಒಂದು ಫೋಟೋ ಕಳಿಸಿದ್ದಳು. ಹೊಲಿದ ಬ್ಲೌಸುಗಳ ಲೆಕ್ಕದ ಪುಸ್ತಕ ಈಗ ಮಕ್ಕಳ ಕೈಯಲ್ಲಿದೆ. ಯಾರು ಎಷ್ಟು ಕೊಡಬೇಕು ಅಂತ ಯೋಚಿಸಿ ಹೇಳೋದು ಚಿಕ್ಕವನು, ಕೂಡಿ ಕಳೆಯೋದು ದೊಡ್ಡವಳು. ಹೊಟ್ಟೆನೋವು ಹೇಗಿದೆ ಅಂತ ಕೇಳಿದೆ. "ಯಾವ ಹೊಟ್ಟೆನೋವು?" ಅಂದಳು ಅಕ್ಕ.