ಮಳೆ ಲೆಕ್ಕ ಬರೆಯೋದು ಚಟ ಅಲ್ಲ ಸ್ವಾಮಿ

ಮುಂಗಾರು ಶುರುವಾದರೆ ಊರೂರಲ್ಲೂ ಒಂದೇ ಕೆಲಸ. ಮೊಬೈಲ್ ತೆಗೆಯೋದು, ಮೋಡದ ಚಿತ್ರ ನೋಡೋದು, "ಸಂಜೆಗೆ 70 ಪರ್ಸೆಂಟ್ ಐತಂತೆ" ಅಂತ ಕಟ್ಟೆ ಮೇಲೆ ಕೂತವರಿಗೆ ಹೇಳೋದು. ಸಂಜೆ ಬಿಸಿಲು ಹೊಡೆದರೆ ಮೊಬೈಲಿಗೆ ಬೈಯೋದು. ನಾಳೆ ಬರೋ ಮಳೆ ಬಗ್ಗೆ ಇಷ್ಟೆಲ್ಲ ಮಾತಾಡೋ ನಮ್ಮನ್ನ ನಿನ್ನೆ ಬಿದ್ದ ಮಳೆ ಎಷ್ಟು ಅಂತ ಕೇಳಿ ನೋಡಿ. "ಹದ ಆತು." "ಚರಂಡಿ ಹರೀತು." "ಏನೋ ನಾಲ್ಕು ಹನಿ." ಮುಗೀತು.

ನನ್ನ ತಕರಾರು ಇರೋದು ಇಲ್ಲೇ. ಬರೋ ಮಳೆ ಹೇಳೋದು ಹವಾಮಾನ ಇಲಾಖೆಯವರ ತಲೆನೋವು. ಬಿದ್ದ ಮಳೆ ಅಳೆಯೋದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ದುಡ್ಡಿನ ಮಾತು ಬಂದಾಗ ಲೆಕ್ಕಕ್ಕೆ ಬರೋದು ಬಿದ್ದ ಮಳೆಯೇ. ತಾಲೂಕನ್ನ ಬರಪೀಡಿತ ಅಂತ ಘೋಷಿಸೋಕೆ ಸತತ ಮೂರು-ನಾಲ್ಕು ವಾರ ವಾಡಿಕೆಯ ಅರ್ಧದಷ್ಟೂ ಮಳೆ ಆಗಿಲ್ಲ ಅನ್ನೋ ಅಂಕಿ ನೋಡ್ತಾರೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದ್ದು ಯಾರದೋ ಕಣ್ಣೀರು ನೋಡಿ ಅಲ್ಲ, ಇಂಥ ಅಂಕಿ ನೋಡಿ. ಅಡಿಕೆ, ಕಾಳುಮೆಣಸು, ದಾಳಿಂಬೆಯಂಥ ತೋಟದ ಬೆಳೆಗಿರೋ ಹವಾಮಾನ ಆಧಾರಿತ ವಿಮೆಯಲ್ಲಂತೂ ತೋಟಕ್ಕೆ ಯಾರೂ ಬಂದು ನೋಡಲ್ಲ. ಕೊಳೆರೋಗ ಬಂದು ಅಡಿಕೆ ಉದುರಿ ಬಿದ್ದಿದ್ದು ಲೆಕ್ಕಕ್ಕಿಲ್ಲ. ಯಂತ್ರ ಎಷ್ಟು ಮಿಲಿಮೀಟರ್ ಅಂತ ಹೇಳಿತೋ ಅಷ್ಟೇ. ಶೇ 5ರ ಕಂತು ಕಟ್ಟೋರು ನೀವು, ಪರಿಹಾರ ತೀರ್ಮಾನ ಮಾಡೋದು ಒಂದು ಕಂಬ.

ಆ ಕಂಬ ನಿಮ್ಮ ಪಂಚಾಯ್ತಿಯಲ್ಲೇ ಇದೆ. ನೋಡಿದೀರಾ? ಕಚೇರಿ ಆವರಣದಲ್ಲೋ ಶಾಲೆ ಹತ್ತಿರವೋ ಒಂದು ಸೋಲಾರ್ ಹಲಗೆ ಹೊತ್ತುಕೊಂಡು ನಿಂತಿರುತ್ತೆ. ಬಹಳ ಜನ ಅದನ್ನ ಮೊಬೈಲ್ ಕಂಪನಿಯದ್ದು ಅಂದುಕೊಂಡಿದ್ದಾರೆ. ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕ. ಈ ಕೇಂದ್ರ 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾಗಿದ್ದು, ದೇಶದಲ್ಲೇ ಮೊದಲನೆಯದು. ಈಗ ರಾಜ್ಯದ ತುಂಬ 6 ಸಾವಿರಕ್ಕೂ ಹೆಚ್ಚು ಕಡೆ ಇಂಥ ಯಂತ್ರ ಇಟ್ಟಿದೆ, ಹೆಚ್ಚುಕಡಿಮೆ ಪಂಚಾಯ್ತಿಗೊಂದು. 15 ನಿಮಿಷಕ್ಕೊಮ್ಮೆ ಅಂಕಿ ಬೆಂಗಳೂರಿಗೆ ಹೋಗುತ್ತೆ. ಬೇರೆ ಎಷ್ಟೋ ರಾಜ್ಯಗಳಲ್ಲಿ ಈ ವ್ಯವಸ್ಥೆ ಇಲ್ಲ, ಹೊಗಳಬೇಕಾದ್ದೇ. ಆದರೆ ಅಂಕಿ ಹುಟ್ಟೋದು ನಮ್ಮೂರಲ್ಲಿ, ಹೋಗೋದು ಬೆಂಗಳೂರಿಗೆ, ಗೊತ್ತಿಲ್ಲದೆ ಇರೋದು ನಮಗೆ ಮಾತ್ರ!

ಯಂತ್ರದ ಒಳಗೆ ಏನಿದೆ ಅಂತ ತಿಳಿದುಕೊಳ್ಳಿ, ಆಗ ನನ್ನ ಅನುಮಾನ ನಿಮಗೂ ಬರುತ್ತೆ. ಮೇಲೆ ಒಂದು ಆಲಿಕೆ. ಅದರ ಕೆಳಗೆ ಮಕ್ಕಳ ಏರಿಳಿ ಆಟದ ಹಲಗೆಯಂತೆ ಎರಡು ಪುಟ್ಟ ಬಟ್ಟಲು. ಒಂದು ತುಂಬಿದರೆ ವಾಲುತ್ತೆ, ನೀರು ಚೆಲ್ಲುತ್ತೆ, ಇನ್ನೊಂದು ಮೇಲೆ ಬರುತ್ತೆ. ಎಷ್ಟು ಸಲ ವಾಲಿತು ಅನ್ನೋದನ್ನ ಎಣಿಸಿ ಮಳೆ ಲೆಕ್ಕ ಹಾಕುತ್ತೆ. ಸರಳವಾದ, ಒಳ್ಳೆಯ ಯಂತ್ರ. ಆದರೆ ಆಲಿಕೆಯ ತೂತಿಗೆ ಬೇವಿನ ಎಲೆ ಸಿಕ್ಕಿಕೊಂಡರೆ? ಕಣಜ ಗೂಡು ಕಟ್ಟಿದರೆ? ದೂಳು ಕಟ್ಟಿ ಬಟ್ಟಲು ಅಲ್ಲಾಡದೇ ಹೋದರೆ? ಹೊರಗೆ ಧೋ ಅಂತ ಮಳೆ, ಬೆಂಗಳೂರಿನ ಪರದೆ ಮೇಲೆ ಸೊನ್ನೆ. ಪಕ್ಕದಲ್ಲಿ ನೆಟ್ಟ ಅಶೋಕ ಮರ ಹತ್ತು ವರ್ಷದಲ್ಲಿ ಬೆಳೆದು ಆಲಿಕೆಗೆ ನೆರಳಾದರೂ ಅಷ್ಟೇ, ಲೆಕ್ಕ ಕಡಿಮೆ ಬೀಳುತ್ತೆ. ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಮಾಪಕ ಕೆಟ್ಟಿದೆ, ಅದರಿಂದ ವಿಮೆ ಸಿಕ್ಕಿಲ್ಲ ಅಂತ ಕೂಗ್ತಿರೋದು ಇವತ್ತಿನದಲ್ಲ. ಯಂತ್ರ ಕೆಟ್ಟಾಗ ಪಕ್ಕದ ಇನ್ನೊಂದು ಕೇಂದ್ರದ ಲೆಕ್ಕ ತೆಗೆದುಕೊಳ್ಳೋ ಅವಕಾಶ ವಿಮೆ ನಿಯಮದಲ್ಲಿದೆ. ಎತ್ತಿನ ಒಂದು ಕೊಂಬು ನೆನೆದರೆ ಇನ್ನೊಂದು ನೆನೆಯಲ್ಲ ಅನ್ನೋ ಮಳೆ ನಮ್ಮದು. ಪಕ್ಕದ ಪಂಚಾಯ್ತಿ ಮಳೆ ನಮ್ಮ ತೋಟಕ್ಕೆ ಹೇಗೆ ಬಿತ್ತು ಸ್ವಾಮಿ?

ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ಊರಲ್ಲಿ ಎರಡು ಎಕರೆ ಅಡಿಕೆ ಇಟ್ಟುಕೊಂಡಿರೋ ಒಬ್ಬ ಹೆಣ್ಣುಮಗಳಿದ್ದಾರೆ. ಗೋಡೆ ಕ್ಯಾಲೆಂಡರಿನ ಒಂದೊಂದು ಮನೆಯಲ್ಲೂ ಪೆನ್ಸಿಲಲ್ಲಿ ಮಳೆ ಬರೆದಿಡ್ತಾರೆ. ಹನ್ನೊಂದು ವರ್ಷದ ಕ್ಯಾಲೆಂಡರ್ ಸುರುಳಿ ಸುತ್ತಿ ಅಟ್ಟದ ಮೇಲೆ ಇದೆ. ಒಂದು ಮಳೆಗಾಲದಲ್ಲಿ ಒಂಬತ್ತು ದಿನ ಬಿಡದೆ ಸುರಿದಾಗ ಯಂತ್ರ ಏನು ಬರೆದುಕೊಂಡಿದೆ ಅಂತ ಕೇಳೋಕೆ ಕ್ಯಾಲೆಂಡರ್ ಹಿಡಿದು ಒಂದು ಕಚೇರಿಗೆ ಹೋದರು. ನಾನೂ ಜೊತೆಗಿದ್ದೆ. ಅವರು ಕೇಳಿದ್ದು ಪರಿಹಾರ ಅಲ್ಲ, ಆ ಒಂಬತ್ತು ದಿನದ ಅಂಕಿ ಮಾತ್ರ. ಕುರ್ಚಿ ಮೇಲೆ ಇದ್ದವರು ಕ್ಯಾಲೆಂಡರ್ ತಿರುವಿ ನೋಡಿ ನಕ್ಕರು. "ಅಮ್ಮಾ, ಇದೆಲ್ಲ ನೀವು ಚಟಕ್ಕೆ ಬರಕೊಂಡಿದ್ದು. ಅದೆಲ್ಲ ಸಿಸ್ಟಮ್ಮಲ್ಲಿ ಇರುತ್ತೆ. ಮೇಲಿಂದ ಬರಬೇಕು."

ಚಟ ಅನ್ನೋ ಆ ಮಾತಿಗೇ ಈ ಬರಹ.

ಕೊಡಗಿಗೋ ಚಿಕ್ಕಮಗಳೂರಿಗೋ ಹೋಗಿ ಯಾವುದಾದರೂ ಕಾಫಿ ಎಸ್ಟೇಟಿನ ರೈಟರ್ ಹತ್ತಿರ ಮಳೆ ಪುಸ್ತಕ ಕೇಳಿ. ಅಪ್ಪ-ತಾತನ ಕಾಲದಿಂದ ದಿನದಿನದ ಲೆಕ್ಕ ಇರುತ್ತೆ, ಇಂಚು-ಸೆಂಟಿನಲ್ಲಿ. ಇಂಚಿಗೆ ನೂರು ಸೆಂಟ್, ನಮ್ಮ ಲೆಕ್ಕದಲ್ಲಿ 25.4 ಮಿಲಿಮೀಟರ್. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಎಷ್ಟು ಸೆಂಟ್ ಆಯ್ತು, ಸ್ಪ್ರಿಂಕ್ಲರ್ ಹಾಕಬೇಕಾ ಬೇಡವಾ, ಅದಾದ ಇಪ್ಪತ್ತು ದಿನಕ್ಕೆ ಹಿಂಬಾಲಿಸೋ ಮಳೆ ಬಂತಾ ಅನ್ನೋದರ ಮೇಲೆ ಅವರ ವರ್ಷದ ಬದುಕು ನಿಂತಿದೆ. ಅದನ್ನ ಯಾರೂ ಚಟ ಅನ್ನಲ್ಲ. ಪ್ಲಾಂಟರ್ ಬರೆದರೆ ದಾಖಲೆ, ಎರಡು ಎಕರೆಯವರು ಬರೆದರೆ ಚಟ. ಈ ಭೇದ ಮಳೆಯದ್ದಲ್ಲ, ಕುರ್ಚಿಯದ್ದು.

ನಮ್ಮ ಪತ್ರಿಕೆಗಳ ಕಥೆಯೂ ಹೇಳಿಬಿಡ್ತೀನಿ. ಮಳೆಗಾಲದಲ್ಲಿ ಬೆಳಗ್ಗೆ ವರದಿಗಾರರ ವಾಟ್ಸಪ್ ಗುಂಪಿಗೆ ಜಿಲ್ಲೆಯ ಮಳೆ ಪಟ್ಟಿ ಬಂದು ಬೀಳುತ್ತೆ, ಹೋಬಳಿವಾರು. ಡೆಸ್ಕಿಗೆ ಕಳಿಸಿದರೆ ಜಾಗ ಇಲ್ಲ ಅಂತಾರೆ. "ಜಿಲ್ಲೆಯಲ್ಲಿ ಉತ್ತಮ ಮಳೆ, ರೈತರ ಮೊಗದಲ್ಲಿ ಮಂದಹಾಸ" ಅನ್ನೋ ಒಂದು ಸಾಲು, ಕೊಡೆ ಹಿಡಿದ ಕಾಲೇಜು ಹುಡುಗಿಯರ ಒಂದು ಫೋಟೊ. ಒಂದು ಹೋಬಳಿಗೆ 60 ಮಿ.ಮೀ., ಇನ್ನೊಂದಕ್ಕೆ ಬರೀ 2 ಬಿದ್ದಿದ್ದರೂ ಸರಾಸರಿಯಲ್ಲಿ ಎರಡೂ ಕಡೆ ಮಂದಹಾಸ. ಹವಾಮಾನ ಇಲಾಖೆ ಲೆಕ್ಕದಲ್ಲಿ 2.5 ಮಿ.ಮೀ. ಆದರೂ ಬಿದ್ದರೆ ಮಾತ್ರ ಅದು ಮಳೆ ದಿನ. ಆ ಎರಡನೇ ಹೋಬಳಿಗೆ ಮಳೆಯೇ ಬಂದಿಲ್ಲ, ಆದರೆ ಪೇಪರಲ್ಲಿ ಬಂದಿದೆ. ಮುಂದೆ ಯಾರಾದರೂ ಬರ ಅಂತ ಅರ್ಜಿ ಕೊಟ್ಟರೆ ಅದೇ ಪೇಪರ್ ತೋರಿಸ್ತಾರೆ.

ಮೊಬೈಲ್ ಆ್ಯಪ್ ಇದೆಯಲ್ಲ ಅನ್ನಬೇಡಿ. ಅದರ ಮೇಲೆ ನಿಮ್ಮೂರ ಹೆಸರು ಕಂಡ ಮಾತ್ರಕ್ಕೆ ನಿಮ್ಮೂರಲ್ಲಿ ಯಾರೋ ಅಳೆದಿದ್ದಾರೆ ಅಂತ ಅಲ್ಲ. ಹತ್ತಾರು ಕಿಲೋಮೀಟರ್ ಅಗಲದ ಚೌಕಗಳಿಗೆ ಕಂಪ್ಯೂಟರ್ ಹಾಕಿದ ಅಂದಾಜು ಅದು, ಆ ಚೌಕದೊಳಗೆ ಬರೋ ಊರಿಗೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ. ಮಳೆ ಬರೋ ಮುಂಚೆ ಹುಲ್ಲು ಬಣವೆ ಮುಚ್ಚೋಕೆ ಉಪಯೋಗ ಆಗುತ್ತೆ, ಇಲ್ಲ ಅನ್ನಲ್ಲ. ಹಿರಿಯರ ನಕ್ಷತ್ರದ ಲೆಕ್ಕಕ್ಕೂ ನಾನು ವಿರೋಧಿ ಅಲ್ಲ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅನ್ನೋ ಗಾದೆಯಲ್ಲಿ ಬೆಳೆಯ ಹದ ಇದೆ. ಆದರೆ ವಿಮೆ ಕಂಪನಿ ಮುಂದೆ ಮಘೆ ಮಳೆ ಜೋರಾಯ್ತು ಅಂದರೆ ನಡೆಯಲ್ಲ. ಎಷ್ಟು, ಯಾವ ತಾರೀಖು, ಅಷ್ಟೇ ಕೇಳ್ತಾರೆ.

ಅಳೆಯೋಕೆ ಸಾವಿರ ರೂಪಾಯಿ ಯಂತ್ರ ಬೇಕಾಗಿಲ್ಲ. ತಳದಿಂದ ಬಾಯಿವರೆಗೆ ಒಂದೇ ಅಗಲ ಇರೋ, ಚಪ್ಪಟೆ ತಳದ ಡಬ್ಬಿ ಸಾಕು. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆ. ಸ್ಕೇಲ್ ಇಳಿಸಿದಾಗ 18 ಮಿಲಿಮೀಟರ್ ಬಂದರೆ 18 ಮಿಲಿಮೀಟರ್ ಮಳೆ. ಡಬ್ಬಿ ದೊಡ್ಡದಾದರೆ ಮಳೆ ಜಾಸ್ತಿ ತೋರಿಸಲ್ವಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ, ಬಾಯಿ ದೊಡ್ಡದಾದಷ್ಟು ತಳವೂ ದೊಡ್ಡದು. ಮೇಲೆ ಅಗಲ ಕೆಳಗೆ ಸಣ್ಣ ಇರೋ ಬಕೆಟ್ ಮಾತ್ರ ಬೇಡ, ಅದು ಸುಳ್ಳು ಹೇಳುತ್ತೆ. ಎರಡು ಲೀಟರ್ ಜ್ಯೂಸ್ ಬಾಟಲಿ ಆದರೆ ಮೇಲಿನ ಭಾಗ ಕತ್ತರಿಸಿ, ತಿರುಗಿಸಿ ಆಲಿಕೆ ಥರ ಇಡಿ, ನೀರು ಆವಿಯಾಗೋದು ತಪ್ಪುತ್ತೆ. ಅದರ ತಳ ಅಂಕುಡೊಂಕು. ಅದಕ್ಕೆ ಸ್ವಲ್ಪ ಜಲ್ಲಿ ಹಾಕಿ, ನೇರ ಗೋಡೆ ಶುರುವಾಗೋವರೆಗೆ ನೀರು ತುಂಬಿ, ಅಲ್ಲಿ ಗೆರೆ ಹಾಕಿ. ಅದೇ ಸೊನ್ನೆ. ಗಾಳಿಗೆ ಬೀಳದಂತೆ ಇಟ್ಟಿಗೆ ಮಧ್ಯೆ ಕೂರಿಸಿ. ಬಯಲಲ್ಲಿಡಿ. ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರ ಇರಲಿ.

ದಿನಾ ಬೆಳಗ್ಗೆ 8.30ಕ್ಕೆ ನೋಡಿ, ಬರೆದುಕೊಂಡು ನೀರನ್ನ ಸೊನ್ನೆ ಗೆರೆಗೆ ತನ್ನಿ. ಹೊತ್ತು ಮುಖ್ಯ. ಸರ್ಕಾರದ ಮಳೆ ದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ಭಾನುವಾರ ರಾತ್ರಿ ಬಿದ್ದ ಮಳೆ ಅವರ ಪಟ್ಟಿಯಲ್ಲಿ ಸೋಮವಾರದ್ದು. ಇದು ಗೊತ್ತಿಲ್ಲದೆ ಭಾನುವಾರ ಅಂತ ಅರ್ಜಿ ಬರೆದರೆ ಆ ದಿನ ಮಳೆಯೇ ಇಲ್ಲವಲ್ಲ ಅಂತ ಒಂದೇ ಮಾತಲ್ಲಿ ವಾಪಸ್ ಕಳಿಸ್ತಾರೆ. ಮಳೆ ಇಲ್ಲದ ದಿನವೂ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ನೋಡಿಲ್ಲ ಅಂತ ಅರ್ಥ.

ಇನ್ನೊಂದು ಲೆಕ್ಕ, ಮನೆಯಲ್ಲಿ ಮಕ್ಕಳಿಗೆ ಕೊಡಿ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಅಂದರೆ ಸುಮಾರು 4 ಸಾವಿರ ಲೀಟರ್ ನೀರು. 20 ಮಿಲಿಮೀಟರ್ ಬಿದ್ದರೆ 80 ಸಾವಿರ. ಬೇಸಿಗೆಯಲ್ಲಿ ತೋಟ ಉಳಿಸೋಕೆ 5 ಸಾವಿರ ಲೀಟರಿನ ಟ್ಯಾಂಕರ್ ಹೊಡೆಸಿದವರಿಗೆ ಇದು ಹದಿನಾರು ಟ್ಯಾಂಕರ್ ಅಂತ ಬೇಗ ಗೊತ್ತಾಗುತ್ತೆ. "ಏನೋ ನಾಲ್ಕು ಹನಿ" ಅನ್ನೋದು ಆಗ ನಿಲ್ಲುತ್ತೆ.

ಮನೆ ಡಬ್ಬಿ ಲೆಕ್ಕವನ್ನ ವಿಮೆ ಕಂಪನಿ ಒಪ್ಪುತ್ತಾ? ಒಪ್ಪಲ್ಲ. ನೇರವಾಗಿ ಹೇಳ್ತಿದೀನಿ, ಆಸೆ ಹುಟ್ಟಿಸಲ್ಲ. ಆದರೆ ಒಂದು ಪಂಚಾಯ್ತಿಯ ನಾಲ್ಕು ಊರಲ್ಲಿ ನಾಲ್ಕು ಪುಸ್ತಕ ಇದ್ದು, ನಾಲ್ಕರಲ್ಲೂ ಆ ದಿನ 40ರ ಮೇಲೆ ಇದ್ದು, ಯಂತ್ರದಲ್ಲಿ ಸೊನ್ನೆ ಇದ್ದರೆ ಆಗ ಪ್ರಶ್ನೆ ನಮ್ಮ ಕಡೆಗಲ್ಲ, ಯಂತ್ರದ ಕಡೆಗೆ ತಿರುಗುತ್ತೆ. ಸೀಸನ್ ಮುಗಿದು ಪರಿಹಾರದ ಪಟ್ಟಿ ಬಂದ ಮೇಲೆ ಯಂತ್ರ ಕೆಟ್ಟಿತ್ತು ಅಂದರೆ ಕೇಳೋರಿಲ್ಲ. ಕೆಟ್ಟ ವಾರದಲ್ಲೇ ಹೇಳಬೇಕು, ಬರೆದು ಕೊಡಬೇಕು, ಸ್ವೀಕೃತಿ ತೆಗೆದುಕೊಳ್ಳಬೇಕು. ಅಳೆಯದೇ ಇರೋರಿಗೆ ಅದು ಕೆಟ್ಟಿದೆ ಅಂತ ಗೊತ್ತಾಗೋದಾದರೂ ಹೇಗೆ?

ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ದಿನದ 24 ಗಂಟೆ ಇದೆ, ಫೋನ್ ಮಾಡಿ ಕೇಳಬಹುದು. ಅಷ್ಟಕ್ಕೇ ಬಿಡಬೇಡಿ. ಪಂಚಾಯ್ತಿ ಗೋಡೆ ಮೇಲೆ ನರೇಗಾ ಕೂಲಿ ಬರೆಯೋಕೆ ಜಾಗ ಇದೆ, ಅಧ್ಯಕ್ಷರ ಹೆಸರು ಬರೆಯೋಕೆ ಬಣ್ಣ ಇದೆ. ಒಂದು ಕರಿಹಲಗೆ ಮೇಲೆ ನಿನ್ನೆಯ ಮಳೆ, ಈ ತಿಂಗಳ ಮಳೆ, ವಾಡಿಕೆ ಎಷ್ಟು ಅಂತ ಮೂರು ಅಂಕಿ ಬರೆಯೋಕೆ ಏನು ಕಷ್ಟ? ಬೆಂಗಳೂರಲ್ಲಿ ಇರೋ ಅಂಕಿ, ಫೋನಲ್ಲಿ ತರಿಸಿ ಬಳಪದಲ್ಲಿ ಬರೆಯಬೇಕು, ಐದು ನಿಮಿಷದ ಕೆಲಸ. ಆಲಿಕೆ ಯಾವಾಗ ತೊಳೆದರು ಅನ್ನೋ ತಾರೀಖೂ ಪಕ್ಕದಲ್ಲಿರಲಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ, ನಡಾವಳಿಯಲ್ಲಿ ಬರೆಸಿ.

ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಹತ್ತು ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ 150 ಪದದೊಳಗೆ ಒಂದೇ ವಿಷಯ ಇರಬೇಕು, ಹಾಗಾಗಿ ಊರ ರಾಜಕೀಯ ಎಲ್ಲ ಸೇರಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನವಾರು ಮಳೆ, ಯಂತ್ರ ಕೆಲಸ ಮಾಡದ ದಿನಗಳು, ದುರಸ್ತಿಗೆ ಬಂದ ದಿನಗಳು. ಇಷ್ಟೇ ಕೇಳಿ. "ಅದು ನಮ್ಮ ಇಲಾಖೆಯದ್ದಲ್ಲ" ಅಂದರೆ ಐದು ದಿನದೊಳಗೆ ಸಂಬಂಧಪಟ್ಟವರಿಗೆ ಕಳಿಸೋ ಜವಾಬ್ದಾರಿ ಅವರದ್ದೇ, ನಿಮ್ಮದಲ್ಲ. ಉತ್ತರಕ್ಕೆ 30 ದಿನ.

ಆ ಕ್ಯಾಲೆಂಡರಿನ ಒಂಬತ್ತು ದಿನಕ್ಕೂ ಸೇರಿಸಿ ನಮ್ಮ ತಾಲೂಕಿನ ಮೂರು ಪಂಚಾಯ್ತಿಗೆ ಕಳೆದ ವಾರ ಅರ್ಜಿ ಹಾಕಿದೀನಿ. ಏನು ಬರುತ್ತೋ ಹಾಗೇ ಇಲ್ಲಿ ಹಾಕ್ತೀನಿ, ಪಕ್ಕದಲ್ಲಿ ಕ್ಯಾಲೆಂಡರಿನ ಫೋಟೊ ಸಮೇತ.