ಕಿಡ್ನಿ ಮಾರಿದರೂ ಸಾಲ ತೀರಲಿಲ್ಲ



ಕಿಡ್ನಿಗಾಗಿ ಕಾಯುತ್ತಲೇ ರೋಗಿಗಳು ಸಾಯುತ್ತಿರುವಾಗ ಸರ್ಕಾರದ ಉಸ್ತುವಾರಿಯಲ್ಲೇ ಅದರ ಮಾರಾಟಕ್ಕೆ ಅವಕಾಶ ಕೊಡಬಾರದೇಕೆ ಎಂಬ ವಾದ ಮತ್ತೆ ಮತ್ತೆ ಕೇಳಿಬರುತ್ತಿದೆ. ದಲ್ಲಾಳಿ ತೊಲಗುತ್ತಾನೆ, ಬಡವನಿಗೆ ನ್ಯಾಯವಾದ ಬೆಲೆ ಸಿಗುತ್ತದೆ ಎಂಬುದು ಇದರ ಲೆಕ್ಕ. ಮಾರಿದವನು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಏನಾದ ಎಂಬುದು ಮಾತ್ರ ಈ ಲೆಕ್ಕದಲ್ಲಿಲ್ಲ. ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಶೇ 96ರಷ್ಟು ಮಂದಿ ಮಾರಿದ್ದು ಸಾಲ ತೀರಿಸಲು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಆಮೇಲೂ ಸಾಲಗಾರರಾಗಿಯೇ ಇದ್ದರು. ಕುಟುಂಬದ ಆದಾಯ ಮೂರನೇ ಒಂದು ಭಾಗದಷ್ಟು ಕುಸಿದಿತ್ತು. ಕಳ್ಳಸಂತೆಯ ಬೆಲೆ ಕಡಿಮೆ, ಹೆಚ್ಚು ಕೊಟ್ಟರೆ ಸರಿಹೋಗುತ್ತದೆ ಎನ್ನಬಹುದು. ಆದರೆ ಮೈಮುರಿದು ದುಡಿಯುವವನ ಶಕ್ತಿಯೇ ಕುಂದಿದರೆ ಎಷ್ಟು ದೊಡ್ಡ ಗಂಟಾದರೂ ಕರಗುವುದು ಖಚಿತ. ಕಿಡ್ನಿಗೆ ಅಧಿಕೃತ ದರ ನಿಗದಿಯಾದ ದಿನ ಬಡ್ಡಿಯವರಿಗೆ ಅದೂ ಒಂದು ಅಡಮಾನವಾಗುತ್ತದೆ. ಮೈಕ್ರೊಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾದ ರಾಜ್ಯ ನಮ್ಮದು.

ಉಸ್ತುವಾರಿಯೂ ಹೊಸದಲ್ಲ. ಹತ್ತಿರದ ಸಂಬಂಧಿಯಲ್ಲದವರು ಪ್ರೀತಿ, ಬಾಂಧವ್ಯದಿಂದ ಅಂಗ ಕೊಡುವುದಾದರೆ ಅದಕ್ಕೆಂದೇ ಇರುವ ಸಮಿತಿಯ ಒಪ್ಪಿಗೆ ಬೇಕೆಂದು 1994ರ ಅಂಗಾಂಗ ಕಸಿ ಕಾಯ್ದೆಯೇ ಹೇಳುತ್ತದೆ. ಅಷ್ಟಿದ್ದೂ ಮಂಡ್ಯ, ಮಾಗಡಿಗಳ ಸಾಲಗಾರರ ಕಿಡ್ನಿ ಮಾರಾಟ ಸುದ್ದಿಯಾಯಿತು. ಸಮಿತಿ ನೋಡುವುದು ಕಾಗದಪತ್ರ. ಕಾಗದ ಸಿದ್ಧಪಡಿಸುವುದೇ ದಲ್ಲಾಳಿಯ ಕಸುಬು. ಅಂಗಗಳ ಕೊರತೆ ನಿಜ, ಅದನ್ನು ಅಲ್ಲಗಳೆಯಲಾಗದು. 2023ರಲ್ಲಿ ರಾಜ್ಯದಲ್ಲಿ ಮರಣಾನಂತರ ಅಂಗಾಂಗ ದಾನವಾದದ್ದು 178 ಮಂದಿಯಿಂದ, ಅಂದರೆ ಹತ್ತು ಲಕ್ಷ ಜನಕ್ಕೆ ಮೂವರೂ ಇಲ್ಲ. ಸ್ಪೇನ್‌ನಲ್ಲಿ ಈ ಸಂಖ್ಯೆ ನಲವತ್ತು ದಾಟುತ್ತದೆ. ಅಲ್ಲಿ ಅಂಗ ಮಾರಾಟಕ್ಕಿಲ್ಲ. ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಅಂಗದಾನ ಸಂಯೋಜಕರಿದ್ದಾರೆ.

ಮಾರಾಟದ ನಿಷೇಧಕ್ಕೆ ಕೊರತೆಯ ವಾದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪೀಣ್ಯದ ಪ್ರೆಸ್ ಮೆಷಿನ್ನಿನ ಮುಂದೆ ಬೆರಳು ಪಣಕ್ಕಿಟ್ಟು ದುಡಿಯುವವನನ್ನು ಯಾರೂ ತಡೆಯುವುದಿಲ್ಲ; ಕಸಿ ಮಾಡಿದ ವೈದ್ಯ, ಆಸ್ಪತ್ರೆ, ಔಷಧ ಕಂಪನಿ ಎಲ್ಲರಿಗೂ ಹಣ ಸಿಗುವಾಗ ಅಂಗ ಕೊಟ್ಟವನಿಗೆ ಮಾತ್ರ ಪುಣ್ಯವೇ? ಮೊದಲ ಮಾತಿಗೆ ಉತ್ತರ ಸುಲಭ: ಬೆರಳು ಹೋಗದಂತೆ ನೋಡಿಕೊಳ್ಳುವುದು ಮಾಲೀಕನ ಹೊಣೆ, ಹೋದರೆ ಪರಿಹಾರವಿದೆ; ಕಿಡ್ನಿ ವ್ಯಾಪಾರದಲ್ಲಾದರೆ ಅಂಗ ಕಳೆದುಕೊಳ್ಳುವುದೇ ಕೆಲಸ. ಎರಡನೆಯದು ನಿಜಕ್ಕೂ ಚುಚ್ಚುತ್ತದೆ. ಮನೆಮಂದಿಗಾಗಿ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನು ನೆನೆದರಂತೂ ಇನ್ನಷ್ಟು. ಆದರೆ ದಾನಿಗೆ ಆದ ಖರ್ಚು ಮತ್ತು ತಪ್ಪಿದ ದುಡಿಮೆಯನ್ನು ತುಂಬಿಕೊಡುವುದನ್ನು ಅದೇ ಕಾಯ್ದೆ ಮಾರಾಟವೆಂದು ಎಣಿಸುವುದಿಲ್ಲ. ಹಾಗಿರುವಾಗ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬಳು ಮಗನಿಗೆ ಕಿಡ್ನಿ ಕೊಟ್ಟರೆ ಚೇತರಿಸಿಕೊಳ್ಳುವವರೆಗಿನ ಸಂಬಳವನ್ನೂ ಮುಂದಿನ ವರ್ಷಗಳ ತಪಾಸಣೆಯನ್ನೂ ಸರ್ಕಾರವೇ ಭರಿಸಲಿ. ಮಾರುಕಟ್ಟೆ ತೆರೆಯಿರಿ ಎನ್ನುವವರು ಮೊದಲು ಇದನ್ನು ಕೇಳಲಿ. ಇದಕ್ಕೆ ಕಾಯ್ದೆ ತಿದ್ದುವ ಅಗತ್ಯವಿಲ್ಲ.

– ಓದುಗ, ನಾಗಸಂದ್ರ, ಬೆಂಗಳೂರು