ಸ್ಟ್ಯಾಟಿಕ್ ಇದ್ದ ಮೇಲೆ ಫೈನಲ್ ಏಕೆ?

ಜಾವಾ ಕಲಿತ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಎದುರಾಗಬಹುದಾದ ಪ್ರಶ್ನೆಯಿದು: ಸ್ಟ್ಯಾಟಿಕ್ ಮೆಥಡ್‌ಗೆ ಫೈನಲ್ ಸೇರಿಸಿದರೆ ಪ್ರಯೋಜನವುಂಟೆ? ‘ಸ್ಟ್ಯಾಟಿಕ್ ಮೆಥಡನ್ನು ಓವರ್‌ರೈಡ್ ಮಾಡಲಾಗದು, ಆದ್ದರಿಂದ ಫೈನಲ್ ವ್ಯರ್ಥ’ ಎಂದು ಹಲವರು ಥಟ್ಟನೆ ಹೇಳಿಬಿಡುತ್ತಾರೆ. ಮೊದಲರ್ಧ ಸರಿ, ಉಳಿದರ್ಧ ತಪ್ಪು.

‘ಖಾತೆ’ ಎಂಬ ಕ್ಲಾಸಿನಲ್ಲಿ ಬಡ್ಡಿದರ ತಿಳಿಸುವ ಸ್ಟ್ಯಾಟಿಕ್ ಮೆಥಡ್ ಇದೆಯೆನ್ನಿ. ಅದರ ಉತ್ತರ 4. ‘ಖಾತೆ’ಯಿಂದ ಹುಟ್ಟಿದ ‘ಠೇವಣಿ’ ಕ್ಲಾಸಿನಲ್ಲಿ ಅದೇ ಹೆಸರಿನ, ಅದೇ ರೂಪದ ಇನ್ನೊಂದು ಸ್ಟ್ಯಾಟಿಕ್ ಮೆಥಡ್ ಬರೆದು 7 ಎನ್ನಿಸಬಹುದು. ಇದು ಓವರ್‌ರೈಡಿಂಗ್ ಅಲ್ಲ, ಹೈಡಿಂಗ್. ಹೊಸದು ಹಳೆಯದನ್ನು ಮರೆಮಾಡುತ್ತದೆ, ಅಷ್ಟೆ. ಈಗ ‘ಖಾತೆ’ ಎಂದು ಘೋಷಿಸಿದ ವೇರಿಯಬಲ್‌ನಲ್ಲಿ ‘ಠೇವಣಿ’ಯ ಆಬ್ಜೆಕ್ಟನ್ನಿಟ್ಟು, ಆ ವೇರಿಯಬಲ್ ಮೂಲಕ ದರ ಕೇಳಿದರೆ? ಬರುವುದು 4! ಕಂಪೈಲರು ಘೋಷಣೆಯನ್ನಷ್ಟೇ ನೋಡಿ ಯಾವ ಮೆಥಡ್ ಎಂದು ಮೊದಲೇ ಗೊತ್ತುಮಾಡಿರುತ್ತದೆ. (ಸ್ಟ್ಯಾಟಿಕ್ ಮೆಥಡನ್ನು ಕ್ಲಾಸಿನ ಹೆಸರಿನಿಂದಲೇ ಕರೆಯುವುದು ಲೇಸು, ವೇರಿಯಬಲ್ ಮೂಲಕ ಕರೆಯಲು ಜಾವಾ ಬಿಡಲೇಬಾರದಿತ್ತು.) ಪ್ರೋಗ್ರಾಮು ತಕರಾರಿಲ್ಲದೆ ಓಡುತ್ತದೆ, ಠೇವಣಿ ಇಟ್ಟವರ ಬಡ್ಡಿ ಮಾತ್ರ ಕಡಿಮೆಯಾಗುತ್ತದೆ.

‘ಖಾತೆ’ಯ ಮೆಥಡ್‌ಗೆ ಫೈನಲ್ ಹಚ್ಚಿದ್ದರೆ ‘ಠೇವಣಿ’ ಕಂಪೈಲ್ ಆಗುತ್ತಲೇ ಇರಲಿಲ್ಲ. ಪ್ರೈವೇಟ್ ಮೆಥಡ್‌ಗೆ ಫೈನಲ್ ಬೇಕಿಲ್ಲ, ಅದು ಮುಂದಿನ ಕ್ಲಾಸಿಗೆ ಸಿಗುವುದೇ ಇಲ್ಲವಲ್ಲ. ಇಂಟರ್‌ಫೇಸ್‌ನೊಳಗೆ ಸ್ಟ್ಯಾಟಿಕ್ ಮೆಥಡ್ ಬರೆಯಲು 2014ರ ಜಾವಾ 8ರಿಂದ ಅವಕಾಶವಿದೆ. ಅಲ್ಲಿ ಫೈನಲ್ ಎಂದರೆ ಕಂಪೈಲರು ಒಪ್ಪದು.